ಒಂದೇ ಸೂರಿನ ಕೆಳಗೆ

ಮನೆಯನ್ನು ಬಿಟ್ಟು ಹೊರಟ ಮನುಷ್ಯನಿಗೆ ಮೊದಲು ಬೇಕಾಗುವುದು ಇರುಳು ಕಳೆಯಲು ಒಂದು ಸೂರು. ಈ ಅಗತ್ಯ ಎಷ್ಟು ಹಳೆಯದೋ ಅದನ್ನು ಪೂರೈಸುವ ಏರ್ಪಾಡೂ ಅಷ್ಟೇ ಹಳೆಯದು. ನಮ್ಮ ನಾಡಿನಲ್ಲಿ ಅರಸರೂ ವರ್ತಕರೂ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು. ಮರಳುಗಾಡಿನ ದೇಶಗಳಲ್ಲಿ ಒಂಟೆಗಳ ಸಾಲು ತಂಗಲು ವಿಶಾಲವಾದ ಅಂಗಳದ ಬಿಡಾರಗಳು ಎದ್ದವು. ಯುರೋಪಿನಲ್ಲಿ ಕ್ರೈಸ್ತ ಮಠಗಳು ಯಾತ್ರಿಕರಿಗೆ ಬಾಗಿಲು ತೆರೆದವು. ಮನುಷ್ಯನ ಮತ್ತೊಂದು ಅಗತ್ಯವೂ ಇದರಷ್ಟೇ ಹಳೆಯದು. ಅದು ಬೇರೆ ಬೇರೆ ಊರುಗಳವರು ಒಂದೆಡೆ ಸೇರಿ, ಎದುರುಬದುರು ಕುಳಿತು ಮಾತನಾಡುವ ಅಗತ್ಯ. ಈ ಎರಡು ಅಗತ್ಯಗಳನ್ನು ಒಂದೇ ಸೂರಿನ ಕೆಳಗೆ ತಂದ ಉದ್ಯಮಗಳಲ್ಲಿ ಜರ್ಮನಿಯ ಮಾರಿಟೀಮ್ ಹೊಟೇಲು ಸಂಸ್ಥೆಯೂ ಒಂದು. ಅದರ ಕತೆ ಕೇವಲ ವ್ಯಾಪಾರದ ಕತೆಯಲ್ಲ. ಇತರರಿಗೆ ಆಶ್ರಯ ಕೊಡುವವನು ಎಂತೆಂತಹ ಹೊಣೆಗಳನ್ನು ಹೊರಬೇಕಾಗುತ್ತದೆ ಎಂಬುದನ್ನೂ ಅದು ತಿಳಿಸುತ್ತದೆ.

ಸಭೆ ಸೇರುವುದು ಜರ್ಮನರಿಗೆ ಹೊಸತಲ್ಲ. ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ವ್ಯಾಪಾರಿ ನಗರಗಳು ಹಾನ್ಸಾ ಎಂಬ ಕೂಟವನ್ನು ಕಟ್ಟಿಕೊಂಡಿದ್ದವು. ಈ ಕೂಟದ ಮೊದಲ ಮಹಾಸಭೆ 1356ರಲ್ಲಿ ಬಾಲ್ಟಿಕ್ ಸಮುದ್ರಕ್ಕೆ ಸಮೀಪದ ಲ್ಯೂಬೆಕ್ ನಗರದಲ್ಲಿ ನಡೆಯಿತು. ಕೊನೆಯ ಸಭೆ ನಡೆದುದು 1669ರಲ್ಲಿ, ಅದೇ ನಗರದಲ್ಲಿ. ಅತ್ತ ಲೈಪ್‌ಸಿಗ್ ನಗರದ ಜಾತ್ರೆಗೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1497ರಲ್ಲಿ ವಿಶೇಷ ಹಕ್ಕುಗಳನ್ನು ಕೊಟ್ಟನು. ಯುರೋಪಿನ ವರ್ತಕರೆಲ್ಲ ಅಲ್ಲಿಗೆ ಸರಕು ಹೊತ್ತು ಬಂದರು. ಎರಡನೆಯ ಮಹಾಯುದ್ಧದ ಬಳಿಕ ದೇಶ ಇಬ್ಭಾಗವಾಯಿತು. ಲೈಪ್‌ಸಿಗ್ ಸೋವಿಯೆತ್ ಸೇನೆಯ ಹಿಡಿತದಲ್ಲಿದ್ದ ಪೂರ್ವ ಭಾಗಕ್ಕೆ ಸೇರಿಹೋಯಿತು. ಪಶ್ಚಿಮ ಭಾಗದವರು 1947ರಲ್ಲಿ ಹನೋವರ್ ನಗರದಲ್ಲಿ ಹೊಸ ಕೈಗಾರಿಕಾ ಮೇಳವನ್ನು ಆರಂಭಿಸಿದರು. ನಗರಗಳು ಇನ್ನೂ ಬೂದಿಯ ರಾಶಿಯಾಗಿದ್ದ ಕಾಲವದು. ಮೇಳಕ್ಕೆ ಬಂದವರಿಗೆ ಮಲಗಲು ಸ್ಥಳ ಒದಗಿಸುವುದೇ ದೊಡ್ಡ ಸಮಸ್ಯೆಯಾಗಿತ್ತು.

ಮುಂದಿನ ಎರಡು ದಶಕಗಳಲ್ಲಿ ಪಶ್ಚಿಮ ಜರ್ಮನಿಯ ಕೈಗಾರಿಕೆ ಬೆರಗಾಗುವಷ್ಟು ವೇಗದಿಂದ ಚೇತರಿಸಿಕೊಂಡಿತು. ವೈದ್ಯರು, ಎಂಜಿನಿಯರುಗಳು, ಕಾರ್ಮಿಕ ಸಂಘಗಳು, ರಾಜಕೀಯ ಪಕ್ಷಗಳು ಎಲ್ಲರಿಗೂ ವರ್ಷಕ್ಕೊಮ್ಮೆಯಾದರೂ ಸಭೆ ಸೇರುವುದು ಅವಶ್ಯಕವಾಯಿತು. ಆದರೆ ಸಭಾಭವನ ಊರಿನ ಒಂದು ಮೂಲೆಯಲ್ಲಿದ್ದರೆ ತಂಗುವ ಹೊಟೇಲು ಮತ್ತೊಂದು ಮೂಲೆಯಲ್ಲಿ. ಊಟದ ಏರ್ಪಾಡು ಮೂರನೆಯ ಕಡೆ. ಪ್ರತಿನಿಧಿಗಳ ಅರ್ಧ ದಿನ ಓಡಾಟದಲ್ಲಿಯೇ ಕಳೆದುಹೋಗುತ್ತಿತ್ತು. ಈ ಕೊರತೆಯಲ್ಲಿಯೇ ಒಂದು ಉದ್ಯಮದ ಬೀಜವನ್ನು ಕಂಡವರು ಹಾನ್ಸ್ ಯೋಆಖಿಮ್ ಗೊಮ್ಮೊಲ್ಲ ಎಂಬುವರು. ಅವರು 1969ರಲ್ಲಿ ಮಾರಿಟೀಮ್ ಸಂಸ್ಥೆಯನ್ನು ಸ್ಥಾಪಿಸಿದರು. ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಬಾಡ್ ಸಾಲ್ಟ್ಸುಫ್ಲೆನ್ ಎಂಬ, ಉಪ್ಪುನೀರಿನ ಬುಗ್ಗೆಗಳಿಗೆ ಹೆಸರಾದ ಆರೋಗ್ಯಧಾಮದ ಊರಿನಲ್ಲಿ. ಮೊದಲ ಹೊಟೇಲು ಎದ್ದುದು ಮಾತ್ರ ಬಾಲ್ಟಿಕ್ ಸಮುದ್ರದ ತೀರದಲ್ಲಿ, ಟಿಮ್ಮೆಂಡೋರ್ಫರ್ ಷ್ಟ್ರಾಂಡ್ ಎಂಬಲ್ಲಿ. ಮಾರಿಟೀಮ್ ಎಂದರೆ ಸಮುದ್ರಕ್ಕೆ ಸಂಬಂಧಿಸಿದುದು ಎಂದರ್ಥ. ‘ಸಭೆಯೂ ವಸತಿಯೂ ಒಂದೇ ಸೂರಿನಡಿಯಲ್ಲಿ’ ಎಂಬುದೇ ಸಂಸ್ಥೆಯ ಮೂಲಸೂತ್ರವಾಯಿತು.

ಸಮುದ್ರತೀರದ ಹೊಟೇಲಿಗೂ ಸಭೆಗಳಿಗೂ ಏನು ನಂಟು ಎಂದು ಯಾರಿಗಾದರೂ ಅನಿಸಬಹುದು. ಬಾಲ್ಟಿಕ್ ತೀರದಲ್ಲಿ ಬೇಸಗೆಯ ಕಾಲ ಬಹಳ ಚಿಕ್ಕದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೋಣೆಗಳೆಲ್ಲ ತುಂಬಿರುತ್ತವೆ. ನವೆಂಬರಿನ ಚಳಿಗಾಳಿ ಬೀಸತೊಡಗಿದರೆ ವಿಹಾರಿಗಳು ಅತ್ತ ಸುಳಿಯುವುದೇ ಇಲ್ಲ. ಆದರೆ ಅತಿಥಿ ಇರಲಿ, ಇಲ್ಲದಿರಲಿ, ಹೊಟೇಲಿನ ವೆಚ್ಚ ನಿಲ್ಲುವುದಿಲ್ಲ. ನೌಕರರ ಸಂಬಳ, ಕಟ್ಟಡದ ಸಾಲ, ಕೋಣೆಗಳನ್ನು ಬೆಚ್ಚಗಿಡುವ ಖರ್ಚು ಎಲ್ಲವೂ ಹಾಗೆಯೇ ಇರುತ್ತವೆ. ಒಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ಮರುದಿನ ಎರಡು ಸಲ ಮಾರಲು ಬರುವುದಿಲ್ಲ. ಸಭೆ ಸೇರುವವರಾದರೋ ಬಿಸಿಲನ್ನು ಅರಸಿ ಬರುವವರಲ್ಲ. ವಿಹಾರಿಗಳು ಬಾರದ ಚಳಿಗಾಲದಲ್ಲಿಯೂ ಸಮ್ಮೇಳನಗಳು ನಡೆಯಬಲ್ಲವು. ಹೀಗೆ ವಿಹಾರಿಗಳು ಬಿಟ್ಟುಹೋದ ತಿಂಗಳುಗಳನ್ನು ಪ್ರತಿನಿಧಿಗಳು ತುಂಬಿದರು. ಅದರಿಂದ ನೌಕರರಿಗೆ ವರ್ಷವಿಡೀ ಕೆಲಸ ದೊರೆಯುವಂತಾಯಿತು.

ಸಮ್ಮೇಳನದ ಹೊಟೇಲು ನಡೆಯುವ ಬಗೆ ಕುತೂಹಲಕರವಾದುದು. ಅದರ ಮಹಾಭವನದ ನಡುವೆ ಮಡಚಬಹುದಾದ ಗೋಡೆಗಳಿರುತ್ತವೆ. ಬೆಳಿಗ್ಗೆ ಸಾವಿರ ಜನ ಕುಳಿತ ಒಂದೇ ಅಂಗಣ ಮಧ್ಯಾಹ್ನ ನಾಲ್ಕು ಚಿಕ್ಕ ಕೊಠಡಿಗಳಾಗಿ ಬದಲಾಗುತ್ತದೆ. ಆಸನಗಳ ಜೋಡಣೆಯಲ್ಲಿಯೂ ಹಲವು ಕ್ರಮಗಳುಂಟು. ಭಾಷಣ ಕೇಳುವುದಷ್ಟೇ ಉದ್ದೇಶವಾದರೆ ನಾಟಕಶಾಲೆಯಂತೆ ಬರಿಯ ಕುರ್ಚಿಗಳ ಸಾಲು ಸಾಕು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ಚರ್ಚಿಸಬೇಕಾದರೆ ಕುದುರೆಯ ಲಾಳದ ಆಕಾರದಲ್ಲಿ ಮೇಜುಗಳನ್ನು ಹಾಕಬೇಕು. ಮೇಜು ಕುರ್ಚಿಗಳನ್ನು ಸಾಲಾಗಿ, ಶಾಲೆಯ ತರಗತಿಯಂತೆ ಇಡುವ ಕ್ರಮಕ್ಕೆ ಜರ್ಮನರು ‘ಸಂಸತ್ತಿನ ಬಗೆ’ ಎಂದು ಹೆಸರಿಟ್ಟಿದ್ದಾರೆ. ಪರಭಾಷೆಯವರು ಬಂದರೆ ಭವನದ ಪಕ್ಕದಲ್ಲಿ ಗಾಜಿನ ಗೂಡುಗಳು ಸಿದ್ಧವಾಗುತ್ತವೆ. ಅವುಗಳಲ್ಲಿ ಕುಳಿತ ಭಾಷಾಂತರಕಾರರು ಭಾಷಣವನ್ನು ಕೇಳುತ್ತಿರುವಂತೆಯೇ ಬೇರೆ ಭಾಷೆಗೆ ತಿರುಗಿಸಿ ನುಡಿಯುತ್ತಾರೆ. ಈ ಕೆಲಸ ಬಹುಬೇಗ ದಣಿವು ತರುವಂತಹುದು. ಆದುದರಿಂದ ಒಂದು ಗೂಡಿನಲ್ಲಿ ಇಬ್ಬರು ಸರದಿಯ ಮೇಲೆ ದುಡಿಯುತ್ತಾರೆ.

ಅಡುಗೆಯ ಮನೆಯ ಕೆಲಸ ಇದಕ್ಕಿಂತಲೂ ಕಠಿನ. ಊಟದ ಮನೆಗೆ ಬರುವ ಸಾಮಾನ್ಯ ಅತಿಥಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಸಮ್ಮೇಳನದವರು ಒಂದೇ ಗಳಿಗೆಯಲ್ಲಿ ಎದ್ದು ಬರುತ್ತಾರೆ. ಭಾಷಣಕಾರರು ಕಾಲು ಗಂಟೆ ಹೆಚ್ಚು ಮಾತನಾಡಿದರೆ ಸಾವಿರ ತಟ್ಟೆಗಳ ಆಹಾರ ಆರಿಹೋಗುವ ಭಯ. ಆದುದರಿಂದ ಸಭಾಂಗಣದ ಬಾಗಿಲಲ್ಲಿ ನಿಂತವನಿಗೂ ಅಡುಗೆಯ ಮನೆಯ ಮುಖ್ಯಸ್ಥನಿಗೂ ಕ್ಷಣಕ್ಷಣದ ಸಂಪರ್ಕವಿರಬೇಕು. ಮದುವೆಯ ಮನೆಯಲ್ಲಿ ಪಂಕ್ತಿ ಎಬ್ಬಿಸಿ ಪಂಕ್ತಿ ಕೂರಿಸುವ ಕಷ್ಟವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಕೆಲಸ ಚೆನ್ನಾಗಿ ನಡೆದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟಾಗ ಮಾತ್ರ ಎಲ್ಲರಿಗೂ ಕಾಣುತ್ತದೆ.

ಇಂತಹ ಕೆಲಸವನ್ನು ಕಲಿಸುವ ಬಗೆಯೂ ಜರ್ಮನಿಯಲ್ಲಿ ವಿಶಿಷ್ಟವಾಗಿದೆ. ಮಾರಿಟೀಮ್ ಸ್ಥಾಪನೆಯಾದ 1969ರಲ್ಲಿಯೇ ಆ ದೇಶದಲ್ಲಿ ವೃತ್ತಿಶಿಕ್ಷಣ ಕಾನೂನು ಜಾರಿಗೆ ಬಂದಿತು. ಹದಿನಾರು, ಹದಿನೇಳು ವಯಸ್ಸಿನ ಹುಡುಗ ಹುಡುಗಿಯರು ಶಾಲೆ ಮುಗಿಸಿ ಹೊಟೇಲಿನೊಡನೆ ಕರಾರು ಮಾಡಿಕೊಂಡು ಶಿಷ್ಯವೃತ್ತಿಗೆ ಸೇರಬಹುದು. ಸಾಮಾನ್ಯವಾಗಿ ಈ ಶಿಕ್ಷಣದ ಅವಧಿ ಮೂರು ವರ್ಷ. ವಾರದ ಹೆಚ್ಚಿನ ದಿನಗಳಲ್ಲಿ ಅವರು ಹೊಟೇಲಿನಲ್ಲಿ ದುಡಿಯುತ್ತ ಕಲಿಯುತ್ತಾರೆ. ಒಂದೆರಡು ದಿನ ವೃತ್ತಿಶಾಲೆಯಲ್ಲಿ ಕುಳಿತು ಲೆಕ್ಕ, ಭಾಷೆ, ಆಹಾರಶಾಸ್ತ್ರ ಮೊದಲಾದುವನ್ನು ಓದುತ್ತಾರೆ. ಕಲಿಯುವ ಕಾಲದಲ್ಲಿಯೂ ಅವರಿಗೆ ವೇತನವುಂಟು. ಹಾಸಿಗೆ ಹಾಸುವುದು, ಬಡಿಸುವುದು, ಲೆಕ್ಕ ಬರೆಯುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು ಎಲ್ಲ ವಿಭಾಗಗಳಲ್ಲಿಯೂ ಅವರು ಸರದಿಯಂತೆ ಕೆಲಸ ಮಾಡಬೇಕು. ಯಾವ ಕೆಲಸವೂ ಕೀಳಲ್ಲ ಎಂಬ ಪಾಠ ಅವರಿಗೆ ಪುಸ್ತಕದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ.

ಮಾರಿಟೀಮ್ ಖಾಸಗಿ ಒಡೆತನದ ಸಂಸ್ಥೆ. ಜಗತ್ತಿನ ಅನೇಕ ದೊಡ್ಡ ಹೊಟೇಲು ಕಂಪನಿಗಳ ಷೇರುಗಳು ಪೇಟೆಯಲ್ಲಿ ಮಾರಾಟವಾಗುತ್ತವೆ. ಅಂತಹ ಕಂಪನಿಗಳಲ್ಲಿ ಹಲವಕ್ಕೆ ಹೆಸರು ಮಾತ್ರ ತಮ್ಮದು, ಕಟ್ಟಡ ಮತ್ತೊಬ್ಬರದು. ಮಾರಿಟೀಮ್ ಬೆಳೆದುದು ಒಂದು ಕುಟುಂಬದ ಕೈಯಲ್ಲಿ. ಅದು ಹಲವು ಕಟ್ಟಡಗಳನ್ನು ತಾನೇ ಹೊಂದಿತ್ತು, ಕೆಲವನ್ನು ಗುತ್ತಿಗೆಗೆ ಪಡೆದು ನಡೆಸಿತು. ಒಂದು ಕಾಲಕ್ಕೆ ಜರ್ಮನಿಯೊಂದರಲ್ಲಿಯೇ ಅದರ ಹೊಟೇಲುಗಳ ಸಂಖ್ಯೆ ಮೂವತ್ತನ್ನು ದಾಟಿತ್ತು. ಮಾಲ್ಟಾ, ಮಾರಿಷಸ್ ಮೊದಲಾದ ದ್ವೀಪಗಳಲ್ಲಿಯೂ ಅದು ಹೊಟೇಲುಗಳನ್ನು ತೆರೆಯಿತು. ಸ್ಥಾಪಕರ ತರುವಾಯ ಅವರ ಮಗಳು ಮೋನಿಕಾ ಗೊಮ್ಮೊಲ್ಲ ಅವರು ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಇಂತಹ ಒಡೆತನದಲ್ಲಿ ಗುಣವೂ ಉಂಟು, ಅಪಾಯವೂ ಉಂಟು. ಒಡೆಯನು ಹತ್ತು ವರ್ಷ ಮುಂದೆ ನೋಡಿ ನಿರ್ಧಾರ ಕೈಗೊಳ್ಳಬಹುದು. ಆದರೆ ಕೆಟ್ಟ ಕಾಲ ಬಂದಾಗ ಭಾರವೆಲ್ಲ ಅವನ ಹೆಗಲ ಮೇಲೆಯೇ ಬೀಳುತ್ತದೆ.

ಆಶ್ರಯದ ಜೊತೆಗೆ ಬರುವ ಹೊಣೆ ಎಂತಹುದು ಎಂಬುದಕ್ಕೆ ಲ್ಯೂಬೆಕ್ ನಗರಕ್ಕೆ ಸೇರಿದ ಟ್ರಾವೆಮ್ಯೂಂಡೆ ಬಂದರಿನಲ್ಲಿ ಒಂದು ನಿದರ್ಶನವಿದೆ. ಟ್ರಾವೆ ನದಿ ಸಮುದ್ರವನ್ನು ಸೇರುವ ಈ ಸ್ಥಳದಲ್ಲಿ 1539ರಲ್ಲಿ ಕಟ್ಟಿದ ದೀಪಸ್ತಂಭವೊಂದುಂಟು. ಜರ್ಮನಿಯಲ್ಲಿ ಉಳಿದಿರುವ ದೀಪಸ್ತಂಭಗಳಲ್ಲಿ ಅದೇ ಅತ್ಯಂತ ಹಳೆಯದು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಅದು ನಾವಿಕರಿಗೆ ದಾರಿ ತೋರಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಅದರ ಸಮೀಪದಲ್ಲಿಯೇ ಸುಮಾರು 120 ಮೀಟರ್ ಎತ್ತರದ ಮಾರಿಟೀಮ್ ಹೊಟೇಲು ಮೇಲೇಳತೊಡಗಿತು. ಸುಮಾರು 30 ಮೀಟರ್ ಎತ್ತರದ ಹಳೆಯ ಸ್ತಂಭದ ಬೆಳಕಿಗೆ ಈ ಹೊಸ ಗೋಪುರ ಅಡ್ಡವಾಯಿತು. ಹಡಗುಗಳಿಗೆ ದೀಪ ಕಾಣದಿದ್ದರೆ ಜೀವಹಾನಿಯೇ ಆದೀತು. ಆದುದರಿಂದ ದೀಪವನ್ನು ಹೊಟೇಲಿನ ನೆತ್ತಿಗೇ ಏರಿಸಲಾಯಿತು. 1974ರಿಂದ ಆ ಬೆಳಕು ನೀರಿನ ಮಟ್ಟದಿಂದ ಸುಮಾರು 115 ಮೀಟರ್ ಎತ್ತರದಲ್ಲಿ ಉರಿಯತೊಡಗಿತು. ಅಷ್ಟು ಎತ್ತರದ ಕಟ್ಟಡದ ಮೇಲೆ ಉರಿಯುವ ನಾವಿಕದೀಪಗಳು ಜಗತ್ತಿನಲ್ಲಿಯೇ ವಿರಳ. ಹಳೆಯ ಸ್ತಂಭ ಈಗ ವಸ್ತುಸಂಗ್ರಹಾಲಯವಾಗಿದೆ. ಬೆಳಕಿಗೆ ಅಡ್ಡ ನಿಂತ ಕಟ್ಟಡವೇ ಆ ಬೆಳಕನ್ನು ಹೊತ್ತು ನಿಲ್ಲಬೇಕಾಯಿತು.

ಆ ಗೋಪುರದ ಮೇಲಿನಿಂದ ಕಾಣುತ್ತಿದ್ದುದು ಸಮುದ್ರವಷ್ಟೇ ಅಲ್ಲ. ನದಿಯ ಆಚೆಗೆ ಪ್ರಿವಾಲ್ ಎಂಬ ಮರಳಿನ ನಾಲಗೆಯಂತಹ ಭೂಭಾಗವಿದೆ. ಅದರ ಮೇಲೆಯೇ ಎರಡು ಜರ್ಮನಿಗಳ ನಡುವಣ ಗಡಿ ಹಾದುಹೋಗುತ್ತಿತ್ತು. ಸಭೆ ಸೇರಲು ಬಂದವರ ಕಣ್ಣೆದುರಿಗೇ ಅವರ ನಾಡಿನ ಇನ್ನೊಂದು ಅರ್ಧ ಇದ್ದರೂ ಅಲ್ಲಿಯವರು ಇತ್ತ ಬರುವಂತಿರಲಿಲ್ಲ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆಯ ಬಾಗಿಲುಗಳು ತೆರೆದವು; 1990ರ ಅಕ್ಟೋಬರ್ 3ರಂದು ದೇಶ ಒಂದಾಯಿತು. ಅನಂತರ ಸಂಸ್ಥೆ ಪೂರ್ವದ ನಗರಗಳಿಗೂ ಕಾಲಿಟ್ಟಿತು.

ಅವುಗಳಲ್ಲಿ ಡ್ರೆಸ್ಡೆನ್ ನಗರದ ಹೊಟೇಲು ವಿಶೇಷವಾದುದು. ಹಾನ್ಸ್ ಎರ್ಲ್‌ವೈನ್ ಎಂಬ ವಾಸ್ತುಶಿಲ್ಪಿ 1913 ಮತ್ತು 1914ರಲ್ಲಿ ಎಲ್ಬೆ ನದಿಯ ದಡದಲ್ಲಿ ಕಾಂಕ್ರೀಟಿನ ಭಾರಿ ಉಗ್ರಾಣವೊಂದನ್ನು ಕಟ್ಟಿಸಿದ್ದನು. 1945ರ ಫೆಬ್ರವರಿಯ ಬಾಂಬುದಾಳಿಯಲ್ಲಿ ನಗರದ ಹೃದಯಭಾಗ ಸುಟ್ಟು ಬೂದಿಯಾಯಿತು. 25,000ದಷ್ಟು ಜನ ಸತ್ತರು. ಆದರೂ ಈ ಉಗ್ರಾಣ ಉಳಿಯಿತು. ಅದನ್ನು ಕೆಡವದೆ ಹೊಟೇಲಾಗಿ ಮಾರ್ಪಡಿಸಿ 2006ರಲ್ಲಿ ತೆರೆಯಲಾಯಿತು. ಸರಕಿನ ಮೂಟೆಗಳಿಗೆ ಬೆಳಕು ಬೇಕಿಲ್ಲ, ಮನುಷ್ಯರಿಗೆ ಬೇಕು. ಆದುದರಿಂದ ಕಟ್ಟಡದ ಒಳಗೆ ಮೇಲಿನಿಂದ ಬೆಳಕು ಇಳಿಯುವ ಎತ್ತರದ ಅಂಗಳವನ್ನು ರೂಪಿಸಿದರು. ಪಕ್ಕದಲ್ಲಿಯೇ ನಗರದ ಸಮ್ಮೇಳನ ಭವನವಿದೆ. ಹೀಗೆ ಯುದ್ಧದಿಂದ ಉಳಿದ ಉಗ್ರಾಣ ದೇಶವಿದೇಶಗಳ ಜನ ಸೇರುವ ಮನೆಯಾಯಿತು.

ಸಭಾಂಗಣವನ್ನು ಬಾಡಿಗೆಗೆ ಕೊಡುವವನಿಗೆ ಎಂದಾದರೊಂದು ದಿನ ಒಂದು ಪ್ರಶ್ನೆ ಎದುರಾಗುತ್ತದೆ. ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾರಿಗೆ ಮುಚ್ಚಬಹುದು? ಜರ್ಮನಿಯಲ್ಲಿ ಇದು ಗಾಯವನ್ನು ಮುಟ್ಟುವ ಪ್ರಶ್ನೆ. ನಾಟ್ಸಿಗಳು ಅಧಿಕಾರದಲ್ಲಿದ್ದ 1930ರ ದಶಕದಲ್ಲಿ ಯೆಹೂದ್ಯರಿಗೆ ಪ್ರವೇಶವಿಲ್ಲ ಎಂಬ ಫಲಕಗಳು ಹೊಟೇಲುಗಳ ಬಾಗಿಲಲ್ಲಿ ತೂಗಿದ್ದವು. ಕೆಲವು ಸಮುದ್ರತೀರದ ವಿಹಾರಧಾಮಗಳಲ್ಲಿ ಈ ದ್ವೇಷ ಅದಕ್ಕೂ ಹಿಂದಿನಿಂದಲೇ ಬೇರೂರಿತ್ತು. ಆ ನೆನಪಿನ ಹಿನ್ನೆಲೆಯಲ್ಲಿ ಜನಾಂಗ, ಧರ್ಮ, ಲಿಂಗ, ಅಂಗವೈಕಲ್ಯ ಮೊದಲಾದ ಕಾರಣಗಳಿಂದ ಜನರನ್ನು ಹೊರಗಿಡುವುದನ್ನು 2006ರ ಸಮಾನತೆಯ ಕಾನೂನು ನಿಷೇಧಿಸಿತು. ರಾಜಕೀಯ ಅಭಿಪ್ರಾಯ ಆ ಪಟ್ಟಿಯಲ್ಲಿರಲಿಲ್ಲ. 2012ರಲ್ಲಿ ಇಂತಹ ಒಂದು ಮೊಕದ್ದಮೆ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯದ ಮುಂದೆ ಬಂದಿತು. ಬಲಪಂಥದ ತೀವ್ರವಾದಿ ಪಕ್ಷವೊಂದರ ಮುಖಂಡನಿಗೆ ಹೊಟೇಲೊಂದು ಕೋಣೆ ಕಾದಿರಿಸಿ, ಬಳಿಕ ಪ್ರವೇಶ ನಿರಾಕರಿಸಿತ್ತು. ಖಾಸಗಿ ಹೊಟೇಲಿನ ಒಡೆಯನು ಇಂಥವನು ತನ್ನ ಅತಿಥಿಯಾಗಬಾರದೆಂದು ಮೊದಲೇ ನಿರ್ಧರಿಸಬಹುದು. ಆದರೆ ಕೋಣೆ ಕೊಡುವುದಾಗಿ ಒಪ್ಪಿಕೊಂಡ ಮೇಲೆ ಬಲವಾದ ಕಾರಣವಿಲ್ಲದೆ ಮಾತು ತಪ್ಪುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಒಪ್ಪದ ಅತಿಥಿಗೂ ಕೊಟ್ಟ ಮಾತು ಮಾತೇ ಎಂಬುದು ಆ ತೀರ್ಪಿನ ಸಾರ.

ಈ ಕಷ್ಟ 2017ರಲ್ಲಿ ಮಾರಿಟೀಮ್ ಸಂಸ್ಥೆಗೂ ಬಂದಿತು. ವಲಸಿಗರ ಆಗಮನವನ್ನು ಕಟುವಾಗಿ ವಿರೋಧಿಸುವ ಆಲ್ಟರ್ನೇಟಿವ್ ಫ್ಯೂರ್ ಡಾಯ್ಚ್‌ಲಾಂಡ್ ಎಂಬ ಪಕ್ಷ ಕೋಲೋನ್ ನಗರದ ಮಾರಿಟೀಮ್ ಹೊಟೇಲಿನಲ್ಲಿ ತನ್ನ ಅಖಿಲ ಜರ್ಮನಿ ಸಮ್ಮೇಳನಕ್ಕೆ ಸ್ಥಳ ಪಡೆದಿತ್ತು. ಅಲ್ಲಿ ಆ ಪಕ್ಷಕ್ಕೆ ಭವನ ಕೊಡಬಾರದೆಂದು ಅನೇಕರು ಒತ್ತಾಯಿಸಿದರು. ಕಾನೂನುಬದ್ಧವಾದ ಪಕ್ಷಕ್ಕೆ ಸಭೆ ನಡೆಸುವ ಹಕ್ಕಿದೆಯೆಂದು ಇತರರು ವಾದಿಸಿದರು. ನಾಟ್ಸಿ ಕಾಲದ ಸ್ಮರಣೆಯನ್ನು ಹೀಗಳೆದು ಭಾಷಣ ಮಾಡಿದ ಆ ಪಕ್ಷದ ನಾಯಕನೊಬ್ಬನಿಗೆ ಸಂಸ್ಥೆ ತನ್ನ ಹೊಟೇಲುಗಳಲ್ಲಿ ಪ್ರವೇಶ ನಿಷೇಧಿಸಿತು. ಆದರೆ ಒಪ್ಪಂದವನ್ನು ಮುರಿಯಲಿಲ್ಲ. ಏಪ್ರಿಲ್ ತಿಂಗಳಲ್ಲಿ ಸಮ್ಮೇಳನ ನಡೆಯಿತು. ಹೊರಗೆ ಸಾವಿರಾರು ಜನ ಪ್ರತಿಭಟಿಸಿದರು. ಪೊಲೀಸರು ಇಬ್ಬರ ನಡುವೆ ನಿಂತರು. ಮುಂದೆ ಆ ಪಕ್ಷಕ್ಕೆ ಭವನ ಕೊಡುವುದಿಲ್ಲವೆಂದು ಸಂಸ್ಥೆ ತಿಳಿಸಿತು. ಈ ನಿರ್ಧಾರ ಸರಿಯೋ ತಪ್ಪೋ ಎಂಬುದರಲ್ಲಿ ಜರ್ಮನರಲ್ಲಿಯೇ ಒಮ್ಮತವಿರಲಿಲ್ಲ. ಸಭಾಂಗಣ ಬರಿಯ ಕುರ್ಚಿ ಮೇಜುಗಳ ಕೋಣೆಯಲ್ಲ, ಅದರ ಬಾಗಿಲನ್ನು ತೆರೆಯುವುದೂ ಮುಚ್ಚುವುದೂ ನೀತಿಯ ಪ್ರಶ್ನೆ ಎಂಬುದಂತೂ ಎಲ್ಲರಿಗೂ ಸ್ಪಷ್ಟವಾಯಿತು.

ಸೂರಿನ ಬೆಲೆ ತಿಳಿಯುವುದು ಸಂಕಟದ ಕಾಲದಲ್ಲಿ. 2015ರಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ಯುದ್ಧಕ್ಕೆ ಹೆದರಿ ಲಕ್ಷಾಂತರ ಜನ ಜರ್ಮನಿಗೆ ಬಂದರು. ಹಾಲೆ ನಗರದಲ್ಲಿ ಮಾರಿಟೀಮ್ ನಡೆಸುತ್ತಿದ್ದ ಹೊಟೇಲು ಆ ವರ್ಷ ತನ್ನ ವ್ಯಾಪಾರವನ್ನು ಮುಗಿಸಿತು. ಕಟ್ಟಡ ನಿರಾಶ್ರಿತರ ವಸತಿಯಾಯಿತು. ಪ್ರತಿನಿಧಿಗಳು ಮಲಗುತ್ತಿದ್ದ ಕೋಣೆಗಳಲ್ಲಿ ಮನೆ ಕಳೆದುಕೊಂಡವರು ಮಲಗಿದರು. 2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಸೋಂಕು ಹರಡಿದಾಗ ಪರಿಸ್ಥಿತಿ ತಿರುವುಮುರುವಾಯಿತು. ವಿಹಾರಕ್ಕಾಗಿ ಹೊಟೇಲಿನಲ್ಲಿ ತಂಗುವುದು ನಿಂತಿತು. ದೊಡ್ಡ ಸಭೆಗಳಿಗೆ ನಿಷೇಧ ಬಂದಿತು. ಜನರನ್ನು ಒಂದೆಡೆ ಸೇರಿಸುವುದನ್ನೇ ಕಸುಬಾಗಿಸಿಕೊಂಡವರಿಗೆ ಜನ ಸೇರುವುದೇ ಅಪಾಯವೆನಿಸಿದ ಕಾಲವದು. ಆಗ ಜರ್ಮನ್ ಸರಕಾರ ‘ಅಲ್ಪಾವಧಿ ದುಡಿಮೆ’ ಎಂಬ ಹಳೆಯ ಏರ್ಪಾಡನ್ನು ವಿಸ್ತರಿಸಿತು. ಅದರಂತೆ ಉದ್ಯಮ ನೌಕರನನ್ನು ಕೆಲಸದಿಂದ ತೆಗೆಯುವುದಿಲ್ಲ. ದುಡಿಮೆಯ ಗಂಟೆಗಳನ್ನಷ್ಟೇ ಕಡಿಮೆ ಮಾಡುತ್ತದೆ. ಅವನು ಕಳೆದುಕೊಂಡ ವೇತನದಲ್ಲಿ ನೂರಕ್ಕೆ 60 ಭಾಗವನ್ನೂ, ಮಕ್ಕಳಿದ್ದವರಿಗೆ 67 ಭಾಗವನ್ನೂ ಉದ್ಯೋಗ ವಿಮೆಯ ನಿಧಿ ತುಂಬಿಕೊಡುತ್ತದೆ. ಆ ವರ್ಷ ನಿರ್ಬಂಧ ದೀರ್ಘವಾದಂತೆ ಈ ಪ್ರಮಾಣವನ್ನು ಇನ್ನೂ ಹೆಚ್ಚಿಸಲಾಯಿತು. ಹೊಟೇಲುಗಳ ದೀಪಗಳು ಆರಿದರೂ ಅನೇಕ ನೌಕರರ ಮನೆಯ ಒಲೆ ಆರದಂತೆ ಈ ಏರ್ಪಾಡು ಕಾಪಾಡಿತು.

ದೂರವಾಣಿ, ದೂರದರ್ಶನಗಳನ್ನೂ ಮೀರಿಸುವ ಸಾಧನಗಳು ಬಂದಿವೆ. ಮನೆಯಲ್ಲಿಯೇ ಕುಳಿತು ದೂರದೇಶದವರ ಮುಖ ನೋಡುತ್ತ ಸಭೆ ನಡೆಸುವುದು ಸಾಧ್ಯವಾಗಿದೆ. ಆದರೂ ನಿರ್ಬಂಧಗಳು ಸಡಿಲವಾದೊಡನೆ ಜನ ಮತ್ತೆ ಸಭಾಂಗಣಗಳಿಗೆ ಬಂದರು. ಭಿನ್ನಾಭಿಪ್ರಾಯಗಳು ವೇದಿಕೆಯ ಮೇಲೆ ತೀರದೆ ಊಟದ ಮೇಜಿನಲ್ಲಿ ತೀರುವುದುಂಟು. ಒಂದೇ ಸೂರಿನ ಕೆಳಗೆ ರಾತ್ರಿ ಕಳೆದು, ಬೆಳಿಗ್ಗೆ ಒಂದೇ ಮೇಜಿನಲ್ಲಿ ಉಂಡವರು ಪರಸ್ಪರ ಅಪರಿಚಿತರಾಗಿ ಉಳಿಯುವುದು ಕಷ್ಟ.

ಸೂರು ಕಟ್ಟುವುದಕ್ಕೆ ಹಣ ಸಾಕು. ಅದನ್ನು ನಡೆಸುವುದಕ್ಕೆ ಹೊಣೆಯರಿತ ಮನಸ್ಸು ಬೇಕು. ಕೊಟ್ಟ ಮಾತನ್ನು ನಡೆಸುವುದು, ದುಡಿಯುವವರನ್ನು ಕಾಯುವುದು, ತನ್ನ ಬೆಳವಣಿಗೆಯಿಂದ ಪರರಿಗೆ ಕತ್ತಲಾಗದಂತೆ ನೋಡಿಕೊಳ್ಳುವುದು ಇವೆಲ್ಲ ಆ ಹೊಣೆಯ ಅಂಗಗಳು. ಟ್ರಾವೆಮ್ಯೂಂಡೆಯ ಗೋಪುರದ ನೆತ್ತಿಗೆ ಏರಿದ ದೀಪ ಹೊಟೇಲಿನ ಅತಿಥಿಗಳಿಗಾಗಿ ಹಚ್ಚಿದುದಲ್ಲ. ಅಲ್ಲಿ ಎಂದೂ ತಂಗದ, ಕತ್ತಲ ಕಡಲಿನಲ್ಲಿ ಬಂದರನ್ನು ಅರಸುವ ನಾವಿಕರಿಗಾಗಿ ಹಚ್ಚಿದುದು.